ಮೇಘಗಣಕದ ಸ್ಥಿತಿನಿರೂಪಕ ಬರಹ: ಒಂದು ಭಾಷಿಕ ವಿವೇಚನೆ

1. ಪ್ರಸ್ತಾವನೆ

ಬರಹವೆಂಬುದು ಮಾತಿನ ದಾಖಲೆ ಎಂಬ ಕಲ್ಪನೆ ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಆದರೆ ಓದುವವನು ಮನುಷ್ಯನಲ್ಲದೆ ಯಂತ್ರವೇ ಆಗಿರುವ, ಓದಿದ ಕೂಡಲೇ ಅದರಂತೆ ಒಂದು ಲೋಕವನ್ನು ಕಟ್ಟಿ ನಿಲ್ಲಿಸುವ ಬರಹವೊಂದು ಕಳೆದ ಹದಿನೈದು ವರ್ಷಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿದೆ. ಗಣಕಯಂತ್ರ, ಜಾಲ, ಸಂಗ್ರಹ ಮುಂತಾದವು ಹೇಗಿರಬೇಕೆಂದು ವಿವರಿಸುವ ಈ ಬರಹಕ್ಕೆ ಗಣಕ ವೃತ್ತಿಯವರು 'ಡಿಕ್ಲರೇಟಿವ್ ಟೆಂಪ್ಲೇಟು' ಎನ್ನುತ್ತಾರೆ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ದುಡಿಯುವ ಅನೇಕ ಕನ್ನಡ ತರುಣ ತರುಣಿಯರ ದಿನನಿತ್ಯದ ಬರವಣಿಗೆ ಇದೇ ಆಗಿದೆ. ಆದರೆ ಕನ್ನಡ ಅಧ್ಯಯನದ ಕಣ್ಣಿಗೆ ಇದು ಬರವಣಿಗೆಯಾಗಿ ಕಂಡದ್ದು ವಿರಳ.

ಪ್ರಸ್ತುತ ಲೇಖನದ ಉದ್ದೇಶ ಎರಡು. ಮೊದಲನೆಯದು, ಈ ಬರಹದ ಸ್ವರೂಪವನ್ನೂ ಅದು ಕೆಲಸ ಮಾಡುವ ಬಗೆಯನ್ನೂ ಕನ್ನಡ ವಿದ್ಯಾರ್ಥಿಗಳಿಗೆ ಪರಿಚಯಿಸುವುದು. ಎರಡನೆಯದು, ವ್ಯಾಕರಣ ಮತ್ತು ಶಾಸನಾಧ್ಯಯನಗಳ ಪರಿಭಾಷೆಯಿಂದ ಇದನ್ನು ವಿವೇಚಿಸಿ, ನಮ್ಮ ವಿಭಾಗಗಳು ಗಣಕಕ್ಕೆ ಒಪ್ಪಿಸುತ್ತಿರುವ ಪಠ್ಯಸಂಪತ್ತಿನ ಉಳಿವಿಗೂ ಇದಕ್ಕೂ ಇರುವ ಸಂಬಂಧವನ್ನು ತೋರಿಸುವುದು. ಇದು ಕೇವಲ ತಂತ್ರಜ್ಞರ ವಿಷಯವೆಂದು ನಾವು ದೂರ ಸರಿದರೆ ಆಗಬಹುದಾದ ನಷ್ಟ ನಮ್ಮದೇ ಎಂಬುದು ಮುಂದಿನ ವಿವೇಚನೆಯಿಂದ ವಿದಿತವಾಗುವುದು.

2. ಮಗರಪಟ್ಟಾ: ಸ್ಥಳದ ಹಿನ್ನೆಲೆ

ಪುಣೆಯ ಪೂರ್ವಭಾಗದ ಹಡಪಸರದಲ್ಲಿ, ಸೊಲ್ಲಾಪುರದತ್ತ ಹೋಗುವ ಹೆದ್ದಾರಿಯ ಸಮೀಪದಲ್ಲಿ ಮಗರಪಟ್ಟಾ ಇದೆ. ಮಗರ ಎಂಬ ಮನೆತನದ ರೈತರ ಭೂಮಿ ಹೆಚ್ಚಾಗಿದ್ದುದರಿಂದ ಈ ಹೆಸರು. ನಗರ ಬೆಳೆದು ಹೊಲಗಳನ್ನು ಮುಟ್ಟಿದಾಗ, ಬಿಡಿಬಿಡಿಯಾಗಿ ಮಾರಿಕೊಳ್ಳುವ ಬದಲು ಸುಮಾರು 120 ಕುಟುಂಬಗಳು ತಮ್ಮ 400 ಎಕರೆಗಳಷ್ಟು ಜಮೀನನ್ನು ಒಟ್ಟುಗೂಡಿಸಿ, ಹಿಡುವಳಿಯ ಪ್ರಮಾಣಕ್ಕೆ ತಕ್ಕ ಪಾಲುದಾರಿಕೆಯುಳ್ಳ ಕಂಪನಿಯೊಂದನ್ನು ರಚಿಸಿಕೊಂಡವು. ಸತೀಶ ಮಗರ ಅವರ ಮುಂದಾಳುತನದಲ್ಲಿ 2000ದಲ್ಲಿ ನಿರ್ಮಾಣ ಮೊದಲಾಯಿತು. ವಸತಿ, ಶಾಲೆ, ಆಸ್ಪತ್ರೆ, ಉದ್ಯಾನಗಳ ಜೊತೆಗೆ ಸೈಬರ್‌ಸಿಟಿ ಎಂಬ ಕಚೇರಿ ಸಮುಚ್ಚಯವೂ ಅಲ್ಲಿ ಎದ್ದಿತು.

ಈ ಸಮುಚ್ಚಯದಲ್ಲಿ ಕಚೇರಿ ತೆರೆದ ಸಂಸ್ಥೆಗಳಲ್ಲಿ ರೆಡ್ ಹ್ಯಾಟ್ ಒಂದು. ಮುಕ್ತ ತಂತ್ರಾಂಶದ ವ್ಯವಹಾರಕ್ಕೆ ಹೆಸರಾದ ಈ ಅಮೆರಿಕನ್ ಸಂಸ್ಥೆ 1993ರಲ್ಲಿ ಆರಂಭವಾಗಿ, 2019ರಲ್ಲಿ ಐಬಿಎಂ ಸಂಸ್ಥೆಯ ಅಂಗವಾಯಿತು. ನಮ್ಮ ವಿಷಯಕ್ಕೆ ಇದು ಎರಡು ಕಾರಣಗಳಿಂದ ಮುಖ್ಯವಾಗುತ್ತದೆ. ಓಪನ್‌ಸ್ಟ್ಯಾಕ್ ಎಂಬ ಮುಕ್ತ ಮೇಘಗಣಕ ವ್ಯವಸ್ಥೆಯಲ್ಲಿ ಟೆಂಪ್ಲೇಟುಗಳನ್ನು ಓದಿ ಕಾರ್ಯಗತಗೊಳಿಸುವ 'ಹೀಟ್' ಎಂಬ ಭಾಗವನ್ನು 2012ರಲ್ಲಿ ಮೊದಲು ಕಟ್ಟಿದವರಲ್ಲಿ ಈ ಸಂಸ್ಥೆಯ ಎಂಜಿನಿಯರುಗಳು ಪ್ರಮುಖರು. ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳ 'ಲೋಹಿತ್' ಅಕ್ಷರಮಾದರಿಗಳನ್ನು ಮುಕ್ತವಾಗಿ ಹಂಚಿ, ಪುಣೆಯ ತನ್ನ ಕಚೇರಿಯಲ್ಲಿ ಪೋಷಿಸಿದ್ದೂ ಇದೇ ಸಂಸ್ಥೆ. ಮೇಲ್ನೋಟಕ್ಕೆ ಸಂಬಂಧವಿಲ್ಲದಂತೆ ತೋರುವ ಈ ಎರಡು ಕೆಲಸಗಳ ಒಳಗಿರುವ ತತ್ತ್ವ ಒಂದೇ ಎಂಬುದನ್ನು ಏಳನೆಯ ಭಾಗದಲ್ಲಿ ವಿವೇಚಿಸಲಾಗುವುದು.

ಪುಣೆಗೆ ಭಾಷಾಧ್ಯಯನವೂ ಗಣಕವಿಜ್ಞಾನವೂ ಹೊಸತಲ್ಲ. 1939ರಲ್ಲಿ ಸಂಶೋಧನ ಸಂಸ್ಥೆಯಾಗಿ ಪುನರಾರಂಭಗೊಂಡ ಡೆಕ್ಕನ್ ಕಾಲೇಜು 1950ರ ದಶಕದ ಭಾಷಾವಿಜ್ಞಾನ ಶಿಬಿರಗಳ ಮೂಲಕ ದೇಶದ ಭಾಷಾವಿದ್ವಾಂಸರ ಒಂದು ಪೀಳಿಗೆಯನ್ನೇ ರೂಪಿಸಿತು. 1988ರಲ್ಲಿ ಇಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ 1991ರಲ್ಲಿ 'ಪರಮ್ 8000' ಮಹಾಗಣಕವನ್ನು ಸಿದ್ಧಪಡಿಸಿದ್ದಲ್ಲದೆ ಭಾರತೀಯ ಲಿಪಿಗಳನ್ನು ಗಣಕಕ್ಕೆ ಅಳವಡಿಸುವ ಕಾರ್ಯದಲ್ಲಿಯೂ ಮುಂದಾಗಿತ್ತು. ಈ ಎರಡು ಧಾರೆಗಳು ಕೂಡುವ ಊರಿನಿಂದ ನಿದರ್ಶನವನ್ನು ಆಯ್ದುಕೊಂಡಿರುವುದು ಅನುಚಿತವಾಗಲಾರದು.

3. ಪರಿಭಾಷೆ

ತನ್ನ ಸ್ವಂತ ಯಂತ್ರಗಳನ್ನು ಕೊಂಡು ಇರಿಸಿಕೊಳ್ಳದೆ, ಬೇರೊಂದು ಸಂಸ್ಥೆಯ ದತ್ತಾಂಶ ಕೇಂದ್ರದಲ್ಲಿರುವ ಗಣಕಶಕ್ತಿಯನ್ನು ಬೇಕಾದಾಗ ಬೇಕಾದಷ್ಟು ಜಾಲದ ಮೂಲಕ ಪಡೆದು, ಬಳಸಿದಷ್ಟಕ್ಕೆ ಹಣ ತೆರುವ ಪದ್ಧತಿಯೇ 'ಕ್ಲೌಡ್'. ಇದನ್ನು ಇಲ್ಲಿ ಮೇಘಗಣಕ ಎಂದು ಕರೆಯಲಾಗಿದೆ. ಒಂದು ಸಂಸ್ಥೆ ತನ್ನ ಆವರಣದಲ್ಲಿಯೇ ಓಪನ್‌ಸ್ಟ್ಯಾಕ್‌ನಂತಹ ತಂತ್ರಾಂಶದಿಂದ ತನ್ನದೇ ಮೇಘಗಣಕವನ್ನು ನಡೆಸುವುದೂ ಉಂಟು. ಭಾರತದಲ್ಲಿ ಮೈಕ್ರೋಸಾಫ್ಟ್ 2015ರಲ್ಲಿ ಪುಣೆ, ಚೆನ್ನೈ, ಮುಂಬಯಿಗಳಲ್ಲಿಯೂ, ಅಮೆಜಾನ್ 2016ರಲ್ಲಿ ಮುಂಬಯಿಯಲ್ಲಿಯೂ ಇಂತಹ ಕೇಂದ್ರಗಳನ್ನು ತೆರೆದವು.

'ಡಿಕ್ಲರೇಟಿವ್' ಎಂಬುದಕ್ಕೆ 'ಘೋಷಣಾತ್ಮಕ' ಎಂಬ ಅನುವಾದ ಸುಲಭವಾಗಿ ಹೊಳೆಯುವಂಥದು. ಆದರೆ ಘೋಷಣೆಯಲ್ಲಿ ಕೂಗಿ ಹೇಳುವ ಧ್ವನಿಯಿದೆಯೇ ಹೊರತು ಸ್ಥಿತಿಯನ್ನು ವಿವರಿಸುವ ಅರ್ಥವಿಲ್ಲ. ಆದ್ದರಿಂದ 'ಸ್ಥಿತಿನಿರೂಪಕ' ಎಂಬುದೇ ಯುಕ್ತ. ಇದಕ್ಕೆ ವಿರುದ್ಧವಾದುದು 'ಕ್ರಿಯಾನಿರ್ದೇಶಕ'. 'ಆರ್ಕೆಸ್ಟ್ರೇಷನ್' ಎಂಬ ಪದ ಪಾಶ್ಚಾತ್ಯ ವಾದ್ಯವೃಂದದಿಂದ ಬಂದದ್ದು; ಬೇರೆ ಬೇರೆ ವಾದ್ಯಗಳು ತಮ್ಮ ತಮ್ಮ ಹೊತ್ತಿಗೆ ಸರಿಯಾಗಿ ಕೂಡಿ ನುಡಿಯುವಂತೆ ಮಾಡುವುದು ಅದರ ಅರ್ಥ. ಕನ್ನಡದಲ್ಲಿ ಇದಕ್ಕೆ 'ಮೇಳವಿಸು' ಎಂಬ ಹಳೆಯ ಧಾತುವೇ ಸಿದ್ಧವಾಗಿದೆ. ಯಕ್ಷಗಾನದ ಹಿಮ್ಮೇಳ ಮುಮ್ಮೇಳಗಳನ್ನು ಬಲ್ಲ ನಾಡಿಗೆ ಮೇಳವಣೆ ಎಂಬ ಮಾತಿನ ವಿವರಣೆ ಬೇಕಾಗದು. 'ಟೆಂಪ್ಲೇಟು' ರೂಢಿಗೆ ಬಂದಿರುವುದರಿಂದ ಅದನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

4. ಆದೇಶ ಮತ್ತು ನಿರೂಪಣೆ

ಗಣಕಕ್ಕೆ ಹೇಳುವ ಮಾತು ಸಾಮಾನ್ಯವಾಗಿ ವಿಧ್ಯರ್ಥದಲ್ಲಿರುತ್ತದೆ: ಯಂತ್ರವೊಂದನ್ನು ಮಾಡು, ಜಾಲಕ್ಕೆ ಸೇರಿಸು, ಸಂಗ್ರಹವನ್ನು ಜೋಡಿಸು. ಇಂತಹ ಆದೇಶಗಳ ಸರಣಿಯಲ್ಲಿ ಎರಡು ತೊಡಕುಗಳಿವೆ. ಮೊದಲನೆಯದಾಗಿ, ಅದೇ ಸರಣಿಯನ್ನು ಎರಡನೆಯ ಸಲ ಓದಿಸಿದರೆ ಎರಡನೆಯ ಯಂತ್ರವೊಂದು ಹುಟ್ಟಿಕೊಳ್ಳುತ್ತದೆ. ಮೊದಲೇ ಇರುವ ಯಂತ್ರದ ಅರಿವು ಆದೇಶಕ್ಕಿಲ್ಲ. ಎರಡನೆಯದಾಗಿ, ಹತ್ತು ಆದೇಶಗಳಲ್ಲಿ ಆರನೆಯದು ವಿಫಲವಾದರೆ ಅರ್ಧ ಕಟ್ಟಿದ ಮನೆಯೊಂದು ನಿಂತಿರುತ್ತದೆ. ಮತ್ತೆ ಮೊದಲಿನಿಂದ ಓದಿಸುವಂತಿಲ್ಲ, ಏಳನೆಯದರಿಂದ ಮುಂದುವರಿಸುವಂತೆಯೂ ಇಲ್ಲ.

ಸ್ಥಿತಿನಿರೂಪಕ ಬರಹದಲ್ಲಿ ವಿಧ್ಯರ್ಥವೇ ಇಲ್ಲ. 'ಒಂದು ಯಂತ್ರವಿದೆ, ಅದು ಈ ಜಾಲದಲ್ಲಿದೆ, ಅದಕ್ಕೆ ಈ ಸಂಗ್ರಹ ಕೂಡಿದೆ' ಎಂದಷ್ಟೇ ಅದು ಹೇಳುತ್ತದೆ. ಇರುವುದಕ್ಕೂ ಇರಬೇಕಾದುದಕ್ಕೂ ನಡುವಣ ಅಂತರವನ್ನು ಅಳೆದು, ಆ ಅಂತರವನ್ನಷ್ಟೇ ತುಂಬುವುದು ಓದುವ ಯಂತ್ರದ ಹೊಣೆ. ಆದಕಾರಣ ಬರಹವನ್ನು ಒಮ್ಮೆ ಓದಿಸಿದರೂ ಹತ್ತು ಸಲ ಓದಿಸಿದರೂ ಫಲ ಒಂದೇ. ಹೇಳುವ ಭಾರ ಬರೆಯುವವನದು, ಮಾಡುವ ಭಾರ ಓದುವವನದು ಎಂಬ ಈ ಹಂಚಿಕೆಯೇ ಇಡೀ ಪದ್ಧತಿಯ ತಳಹದಿ.

ಈ ವಿಚಾರದ ಬೆಳವಣಿಗೆಯನ್ನು ಸಂಕ್ಷೇಪವಾಗಿ ಹೀಗೆ ಗುರುತಿಸಬಹುದು. 1993ರಲ್ಲಿ ಓಸ್ಲೋ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಬರ್ಜೆಸ್ ಅವರು 'ಸಿಎಫ್‌ಎಂಜಿನ್' ಎಂಬ ತಂತ್ರಾಂಶವನ್ನು ರಚಿಸಿ, ಯಂತ್ರಗಳು ವಿವರಿಸಿದ ಸ್ಥಿತಿಯತ್ತ ಹಂತಹಂತವಾಗಿ ಬಂದು ಸೇರಬೇಕೆಂಬ ತತ್ತ್ವವನ್ನು ಬೆಳೆಸಿದರು. 2011ರಲ್ಲಿ ಅಮೆಜಾನ್ ಸಂಸ್ಥೆ 'ಕ್ಲೌಡ್‌ಫಾರ್ಮೇಶನ್' ಸೇವೆಯ ಮೂಲಕ ಇಡೀ ಗಣಕ ಸಮುಚ್ಚಯವನ್ನೇ ಒಂದು ಟೆಂಪ್ಲೇಟಿನಲ್ಲಿ ವಿವರಿಸುವ ಕ್ರಮವನ್ನು ತಂದಿತು. ಅದರ ಟೆಂಪ್ಲೇಟುಗಳನ್ನು ಓದಬಲ್ಲ ಮುಕ್ತ ತಂತ್ರಾಂಶವಾಗಿ 2012ರಲ್ಲಿ ಹೀಟ್ ಹುಟ್ಟಿ, ಮುಂದೆ ತನ್ನದೇ ಬರಹಕ್ರಮವನ್ನು ರೂಪಿಸಿಕೊಂಡು, 2013ರ ಅಕ್ಟೋಬರಿನ 'ಹವಾನಾ' ಆವೃತ್ತಿಯಲ್ಲಿ ಓಪನ್‌ಸ್ಟ್ಯಾಕ್‌ನ ಅಧಿಕೃತ ಅಂಗವಾಯಿತು. 2014ರಲ್ಲಿ ಹಲವು ಮೇಘಗಣಕಗಳಿಗೆ ಹೊಂದುವ 'ಟೆರಾಫಾರ್ಮ್' ಬಂದಿತು. ಅದೇ ವರ್ಷ ಗೂಗಲ್ ಪ್ರಕಟಿಸಿದ 'ಕುಬರ್ನೆಟೀಸ್' ಈ ತತ್ತ್ವವನ್ನು ಅನ್ವಯಗಳ ಮಟ್ಟಕ್ಕೂ ಒಯ್ದಿತು.

5. ಟೆಂಪ್ಲೇಟಿನ ಅಂಗರಚನೆ

ವಿಶ್ವವಿದ್ಯಾಲಯವೊಂದರ ಕನ್ನಡ ವಿಭಾಗ ತನ್ನ ಹಸ್ತಪ್ರತಿ ಭಂಡಾರದ ಚಿತ್ರಗಳನ್ನೂ ಪಠ್ಯಗಳನ್ನೂ ಜಾಲತಾಣದಲ್ಲಿ ಇರಿಸಬಯಸಿದೆ ಎಂದು ಭಾವಿಸೋಣ. ಹೀಟ್ ಓದುವ ಟೆಂಪ್ಲೇಟಿನ ಕೀಲಿಪದಗಳು ಇಂಗ್ಲಿಷಿನವು. ಅವುಗಳ ಅರ್ಥವನ್ನು ಕನ್ನಡದಲ್ಲಿರಿಸಿ, ಉಪಜಾಲ, ರಕ್ಷಣಾ ನಿಯಮ ಮುಂತಾದ ವಿವರಗಳನ್ನು ಬಿಟ್ಟು, ಅದರ ಎಲುಬುಗೂಡನ್ನು ಹೀಗೆ ತೋರಿಸಬಹುದು:

ವಿವರಣೆ: ಹಸ್ತಪ್ರತಿ ಸಂಗ್ರಹದ ಜಾಲತಾಣ
ನಿಯತಾಂಕಗಳು:
  ಯಂತ್ರಗಾತ್ರ: ಸಣ್ಣದು
ಸಂಪನ್ಮೂಲಗಳು:
  ಜೋಡಣೆ:
    ಬಗೆ: ಸಂಗ್ರಹದ ಜೋಡಣೆ
    ಯಾವುದನ್ನು: ಸಂಪನ್ಮೂಲ 'ಭಂಡಾರ'
    ಯಾವುದಕ್ಕೆ: ಸಂಪನ್ಮೂಲ 'ಓದುಗಯಂತ್ರ'
  ಓದುಗಯಂತ್ರ:
    ಬಗೆ: ಸರ್ವರ್
    ಗಾತ್ರ: ನಿಯತಾಂಕ 'ಯಂತ್ರಗಾತ್ರ'
    ಯಾವುದರಲ್ಲಿ: ಸಂಪನ್ಮೂಲ 'ಒಳಜಾಲ'
  ಒಳಜಾಲ:
    ಬಗೆ: ಜಾಲ
  ಭಂಡಾರ:
    ಬಗೆ: ಸಂಗ್ರಹ
    ಗಾತ್ರ: 500 ಗಿಗಾಬೈಟ್
    ಅಳಿಸುವ ನೀತಿ: ಉಳಿಸಿಕೊ
ಫಲಿತಗಳು:
  ವಿಳಾಸ: 'ಓದುಗಯಂತ್ರ'ದ ಜಾಲವಿಳಾಸ

ಇದರಲ್ಲಿ ನಾಲ್ಕು ಅಂಗಗಳಿವೆ. 'ವಿವರಣೆ' ಮನುಷ್ಯ ಓದುಗರಿಗಾಗಿ ಇರುವುದು. 'ನಿಯತಾಂಕ'ಗಳು ಸಂದರ್ಭಕ್ಕೆ ತಕ್ಕಂತೆ ಬದಲಾಗುವ ಬೆಲೆಗಳು. ಪ್ರಯೋಗದ ಹಂತದಲ್ಲಿ ಸಣ್ಣ ಯಂತ್ರ ಸಾಕಾದರೆ ಬಳಕೆಯ ಹಂತದಲ್ಲಿ ದೊಡ್ಡದು ಬೇಕಾಗಬಹುದು, ಆಗ ಟೆಂಪ್ಲೇಟನ್ನು ತಿದ್ದಬೇಕಾಗಿಲ್ಲ. 'ಸಂಪನ್ಮೂಲ'ಗಳೇ ಬರಹದ ಒಡಲು. 'ಫಲಿತ'ಗಳು ಎಲ್ಲವೂ ಕಟ್ಟಿ ಮುಗಿದ ಮೇಲೆ ತಿಳಿಯಬರುವ ಸಂಗತಿಗಳು. ಸಾಲಿನ ಮೊದಲಲ್ಲಿ ಬಿಟ್ಟ ತೆರವು ಇಲ್ಲಿ ಅಲಂಕಾರಕ್ಕಲ್ಲ; ಯಾವುದು ಯಾವುದರ ಅಂಗವೆಂಬುದನ್ನು ಆ ತೆರವೇ ಸೂಚಿಸುತ್ತದೆ. ಈ ಬರಹಕ್ರಮಕ್ಕೆ ಯಾಮಲ್ ಎಂದು ಹೆಸರು.

ಬರಹವನ್ನು ಓದಿ ಮೇಳವಿಸುವ ಹೀಟ್ ಯಂತ್ರವನ್ನಾಗಲಿ ಜಾಲವನ್ನಾಗಲಿ ತಾನೇ ನಿರ್ಮಿಸುವುದಿಲ್ಲ. ಓಪನ್‌ಸ್ಟ್ಯಾಕ್‌ನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವುದು 'ನೋವಾ', ಜಾಲವನ್ನು 'ನ್ಯೂಟ್ರಾನ್', ಸಂಗ್ರಹವನ್ನು 'ಸಿಂಡರ್', ಅಧಿಕಾರದ ಪರಿಶೀಲನೆಯನ್ನು 'ಕೀಸ್ಟೋನ್'. ಒಬ್ಬೊಬ್ಬರಿಗೂ ಅವರವರ ಪಾಲಿನ ಕೆಲಸವನ್ನು ಸಕಾಲದಲ್ಲಿ ಒಪ್ಪಿಸಿ, ಆಯಿತೇ ಇಲ್ಲವೇ ಎಂದು ವಿಚಾರಿಸಿಕೊಳ್ಳುವುದಷ್ಟೇ ಹೀಟ್‌ನ ಕಾರ್ಯ. ಮೇಳವಣೆ ಎಂಬ ಹೆಸರು ಅನ್ವರ್ಥವಾಗಿರುವುದು ಇದರಿಂದಲೇ.

6. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ

ಮೇಲಿನ ಬರಹದಲ್ಲಿ ಗಮನಾರ್ಹವಾದ ಒಂದು ಅಂಶವಿದೆ. ಜೋಡಣೆಯ ಮಾತು ಮೊದಲು ಬಂದಿದೆ. ಜೋಡಿಸಬೇಕಾದ ಭಂಡಾರದ ಮಾತು ಕೊನೆಯಲ್ಲಿದೆ. ಆದರೂ ಯಂತ್ರಕ್ಕೆ ಗೊಂದಲವಿಲ್ಲ. ಕನ್ನಡ ವ್ಯಾಕರಣ ಬಲ್ಲವರಿಗೆ ಇದು ಅಚ್ಚರಿಯೇನಲ್ಲ. 'ಹುಡುಗನು ಮನೆಗೆ ನೀರನ್ನು ತಂದನು' ಎಂಬ ವಾಕ್ಯದ ಪದಗಳನ್ನು 'ನೀರನ್ನು ಮನೆಗೆ ಹುಡುಗನು ತಂದನು' ಎಂದು ಸ್ಥಳಾಂತರಿಸಿದರೂ ಸಂಬಂಧ ಕೆಡುವುದಿಲ್ಲ. ಸಂಬಂಧವನ್ನು ಹೇಳುವುದು ಸ್ಥಾನವಲ್ಲ, ವಿಭಕ್ತಿ. ಕ್ರಿಯಾನಿರ್ದೇಶಕ ಬರಹದಲ್ಲಿ ಸ್ಥಾನವೇ ಅರ್ಥ. ಸಾಲು ಹಿಂದುಮುಂದಾದರೆ ಕೆಲಸ ಕೆಟ್ಟಿತು. ಸ್ಥಿತಿನಿರೂಪಕ ಬರಹದಲ್ಲಿ 'ಯಾವುದನ್ನು', 'ಯಾವುದಕ್ಕೆ', 'ಯಾವುದರಲ್ಲಿ' ಎಂಬ ಉಲ್ಲೇಖಗಳೇ ವಿಭಕ್ತಿಗಳಂತೆ ಸಂಬಂಧವನ್ನು ಹೊರುತ್ತವೆ.

ವಾಕ್ಯಾರ್ಥಕ್ಕೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಆಕಾಂಕ್ಷೆಯೆಂದರೆ ಒಂದು ಪದ ಇನ್ನೊಂದನ್ನು ನಿರೀಕ್ಷಿಸುವುದು. ಇಲ್ಲಿ ಓದುಗಯಂತ್ರಕ್ಕೆ ಒಳಜಾಲದ ಆಕಾಂಕ್ಷೆಯಿದೆ. ಜೋಡಣೆಗೆ ಭಂಡಾರ, ಓದುಗಯಂತ್ರ ಎರಡರ ಆಕಾಂಕ್ಷೆಯಿದೆ. ಒಳಜಾಲ, ಭಂಡಾರಗಳಿಗೆ ಯಾವ ಆಕಾಂಕ್ಷೆಯೂ ಇಲ್ಲ. ಹೀಟ್ ಮೊದಲು ಈ ಆಕಾಂಕ್ಷೆಗಳ ನಕ್ಷೆಯನ್ನು ಬರೆದುಕೊಳ್ಳುತ್ತದೆ. ನಿರಾಕಾಂಕ್ಷವಾದ ಒಳಜಾಲ ಮತ್ತು ಭಂಡಾರಗಳನ್ನು ಏಕಕಾಲದಲ್ಲಿ ಆರಂಭಿಸುತ್ತದೆ. ಒಳಜಾಲ ಸಿದ್ಧವಾದೊಡನೆ ಓದುಗಯಂತ್ರಕ್ಕೆ ತೊಡಗುತ್ತದೆ. ಎರಡೂ ಬದಿ ಮುಗಿದ ಮೇಲೆ ಜೋಡಣೆ. ಅಳಿಸುವಾಗ ಇದೇ ಕ್ರಮ ತಲೆಕೆಳಗಾಗುತ್ತದೆ. ಇಬ್ಬರು ಒಬ್ಬರನ್ನೊಬ್ಬರು ನಿರೀಕ್ಷಿಸುವ ಅನ್ಯೋನ್ಯಾಶ್ರಯ ದೋಷವಿದ್ದರೆ ಬರಹವೇ ತಿರಸ್ಕೃತವಾಗುತ್ತದೆ. ಉಲ್ಲೇಖದಲ್ಲಿ ಕಾಣಿಸದ ಆಕಾಂಕ್ಷೆಯೊಂದಿದ್ದರೆ 'ಇದು ಅದನ್ನು ಅವಲಂಬಿಸಿದೆ' ಎಂದು ಬರೆಯುವವನೇ ಸ್ಪಷ್ಟವಾಗಿ ಹೇಳಬೇಕು. ಇದೊಂದು ರೀತಿಯಲ್ಲಿ ಅಧ್ಯಾಹಾರವನ್ನು ಬಿಡಿಸಿ ಬರೆದಂತೆ.

ಯೋಗ್ಯತೆಯೆಂದರೆ ಪದಾರ್ಥಗಳು ಪರಸ್ಪರ ಹೊಂದುವಿಕೆ. 'ಬೆಂಕಿಯಿಂದ ನೆನೆಸುತ್ತಾನೆ' ಎಂಬುದು ವ್ಯಾಕರಣಶುದ್ಧವಾದರೂ ಯೋಗ್ಯತೆಯಿಲ್ಲದ ವಾಕ್ಯ. ಗಾತ್ರ ಎಂಬಲ್ಲಿ ಸಂಖ್ಯೆಯ ಬದಲು ಊರಿನ ಹೆಸರಿದ್ದರೆ ಹೀಟ್ ಅದನ್ನು ಕಟ್ಟುವ ಮೊದಲೇ ನಿರಾಕರಿಸುತ್ತದೆ. ಇನ್ನು ಸನ್ನಿಧಿ, ಅಂದರೆ ಪದಗಳ ಸಾಮೀಪ್ಯ, ಮನುಷ್ಯವಾಕ್ಯಕ್ಕೆ ಬೇಕಾದಷ್ಟು ಈ ಬರಹಕ್ಕೆ ಬೇಕಾಗಿಲ್ಲ. ನೂರು ಸಾಲುಗಳ ಆಚೆಗಿದ್ದರೂ ಹೆಸರು ಹಿಡಿದು ಕರೆದರೆ ಸಾಕು. ಮೂರರಲ್ಲಿ ಎರಡು ಅನಿವಾರ್ಯ, ಒಂದು ಅನಾವಶ್ಯಕ ಎಂಬುದು ಮನುಷ್ಯಭಾಷೆಗೂ ಈ ಬರಹಕ್ಕೂ ಇರುವ ಸಾಮ್ಯವನ್ನೂ ಭೇದವನ್ನೂ ಒಟ್ಟಿಗೆ ತೋರಿಸುತ್ತದೆ.

7. ಲೋಹಿತ್ ಅಕ್ಷರಗಳ ನಿದರ್ಶನ

ಈ ತತ್ತ್ವದ ಬೆಲೆಯೇನೆಂಬುದನ್ನು ಕನ್ನಡ ಲಿಪಿಯ ಗಣಕೀಕರಣದ ಇತಿಹಾಸವೇ ಸಾರುತ್ತದೆ. 1990ರ ದಶಕದಲ್ಲಿಯೂ ಅನಂತರದ ಕೆಲವು ವರ್ಷಗಳಲ್ಲಿಯೂ ನಮ್ಮ ಅಕ್ಷರಜೋಡಣೆ ನಡೆದದ್ದು ಬಹುಮಟ್ಟಿಗೆ ಆಕಾರಗಳ ಆಧಾರದ ಮೇಲೆ. ಗಣಕದಲ್ಲಿ ಉಳಿಯುತ್ತಿದ್ದುದು ಅಕ್ಷರವಲ್ಲ, ಆ ತುಂಡನ್ನು ಇಲ್ಲಿಡು, ಈ ತುಂಡನ್ನು ಅಲ್ಲಿಡು ಎಂಬ ಆದೇಶಗಳ ಸಾಲು. 'ಸೂರ್ಯ' ಎಂಬ ಪದದಲ್ಲಿ ರಕಾರ ಉಚ್ಚಾರಣೆಯಲ್ಲಿ ಯಕಾರಕ್ಕಿಂತ ಮೊದಲು ಬರುತ್ತದೆ. ಆದರೆ ಅರ್ಕಾವೊತ್ತು ಕಣ್ಣಿಗೆ ಯಕಾರದ ಬಳಿಕ ಕಾಣುತ್ತದೆ. ಆಕಾರಾಧಾರಿತ ಪದ್ಧತಿ ಕಣ್ಣನ್ನು ಅನುಸರಿಸಿ ಅರ್ಕಾವೊತ್ತನ್ನು ಕೊನೆಗೆ ಇರಿಸಿತು. ಪರಿಣಾಮವಾಗಿ ಅಕಾರಾದಿ ಜೋಡಣೆ ತಪ್ಪಿತು, ಹುಡುಕಾಟ ವಿಫಲವಾಯಿತು. ಆ ಅಕ್ಷರಮಾದರಿ ಇಲ್ಲದ ಯಂತ್ರದಲ್ಲಿ ಪಠ್ಯವು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಯಿತು.

1991ರ ಮೊದಲ ಆವೃತ್ತಿಯಿಂದಲೇ ಕನ್ನಡವನ್ನು ಒಳಗೊಂಡಿದ್ದ ಯೂನಿಕೋಡ್ ಇದಕ್ಕೆ ವಿರುದ್ಧವಾದ ಮಾರ್ಗ ಹಿಡಿಯಿತು. ಅದರಲ್ಲಿ 'ಸೂರ್ಯ' ಎಂಬುದು ಸ, ಊಕಾರದ ಚಿಹ್ನೆ, ರ, ಹಲಂತ, ಯ ಎಂಬ ಐದು ಘಟಕಗಳ ನಿರೂಪಣೆ ಮಾತ್ರ. ಅದು ಹೇಗೆ ಕಾಣಬೇಕು, ಅರ್ಕಾವೊತ್ತು ಎಲ್ಲಿ ನಿಲ್ಲಬೇಕು ಎಂಬುದನ್ನು ಅಕ್ಷರಮಾದರಿಯೊಳಗಿನ ನಿಯಮಗಳೂ ಅವನ್ನು ಓದುವ ತಂತ್ರಾಂಶವೂ ಕೂಡಿ ನಿರ್ಧರಿಸುತ್ತವೆ. ಅಂದರೆ ಯೂನಿಕೋಡ್ ಪಠ್ಯವೂ ಒಂದು ಸ್ಥಿತಿನಿರೂಪಕ ಬರಹ. ಆ ನಿಯಮಗಳನ್ನು ಹೊತ್ತ ಕನ್ನಡ ಅಕ್ಷರಮಾದರಿಗಳು ಎಲ್ಲರಿಗೂ ಮುಕ್ತವಾಗಿ ದೊರೆಯಬೇಕಿತ್ತು. ಪುಣೆಯ ಮಾಡ್ಯುಲರ್ ಇನ್ಫೋಟೆಕ್ ರೂಪಿಸಿದ ಮಾದರಿಗಳನ್ನು ರೆಡ್ ಹ್ಯಾಟ್ 2004ರಲ್ಲಿ ಲೋಹಿತ್ ಎಂಬ ಹೆಸರಿನಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿತು. 2011ರಲ್ಲಿ ಅವುಗಳಿಗೆ ಮುಕ್ತ ಅಕ್ಷರಮಾದರಿ ಪರವಾನಗಿ ದೊರೆತು ಬಳಕೆ ಇನ್ನಷ್ಟು ಸುಲಭವಾಯಿತು. ಲೋಹಿತವೆಂದರೆ ಕೆಂಪು, ಸಂಸ್ಥೆಯ ಹೆಸರಿನ ಛಾಯೆ ಅದರಲ್ಲಿರುವುದು ಸ್ಪಷ್ಟ.

ಇದರಿಂದ ತಿಳಿಯುವುದಿಷ್ಟು: ಆದೇಶಗಳು ತಾವು ಹುಟ್ಟಿದ ಯಂತ್ರದೊಂದಿಗೆ ಮುಪ್ಪಾಗುತ್ತವೆ, ನಿರೂಪಣೆಗೆ ಹೊಸ ಯಂತ್ರ ಬಂದರೂ ಅರ್ಥವಿರುತ್ತದೆ. ಆಕಾರಾಧಾರಿತ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಲು ವಿದ್ವಾಂಸರು ಪಟ್ಟ ಪಾಡನ್ನು ನೆನೆದರೆ, ಪಠ್ಯದ ವಿಷಯದಲ್ಲಿ ಕಲಿತ ಪಾಠವನ್ನು ಪಠ್ಯವನ್ನು ಹೊತ್ತ ಯಂತ್ರವ್ಯವಸ್ಥೆಯ ವಿಷಯದಲ್ಲಿಯೂ ಅನ್ವಯಿಸಿಕೊಳ್ಳುವುದು ವಿವೇಕ.

8. ತಿದ್ದುಪಡಿ, ಬದಲಿ, ವಿಚಲನೆ

ಟೆಂಪ್ಲೇಟಿನ ನಿಜವಾದ ಪರೀಕ್ಷೆ ಮೊದಲ ನಿರ್ಮಾಣದಲ್ಲಿಲ್ಲ, ತಿದ್ದುಪಡಿಯಲ್ಲಿದೆ. ಬರಹದ ಒಂದು ಸಾಲನ್ನು ತಿದ್ದಿ ಮತ್ತೆ ಓದಿಸಿದಾಗ ಮೂರು ಬಗೆಯ ಪರಿಣಾಮಗಳು ಸಾಧ್ಯ. ಕೆಲವು ಬದಲಾವಣೆಗಳು ಸೇವೆಗೆ ಭಂಗವಿಲ್ಲದೆ ನಡೆಯುತ್ತವೆ. ಕೆಲವಕ್ಕೆ ಯಂತ್ರ ತುಸು ಹೊತ್ತು ನಿಲ್ಲಬೇಕಾಗುತ್ತದೆ. ಇನ್ನು ಕೆಲವನ್ನು ಇರುವ ವಸ್ತುವಿನಲ್ಲಿ ಮಾಡಲು ಬರುವುದೇ ಇಲ್ಲ. ಹೊಸದೊಂದನ್ನು ನಿರ್ಮಿಸಿ ಹಳೆಯದನ್ನು ತೆಗೆದುಹಾಕಬೇಕಾಗುತ್ತದೆ. ಈ ಮೂರನೆಯದೇ ಅಪಾಯಕರ. ಬರಹದಲ್ಲಿ ಒಂದು ಪದ ಬದಲಾದಂತೆ ಕಂಡರೂ, ವಾಸ್ತವದಲ್ಲಿ ಹಳೆಯ ಸಂಗ್ರಹ ಹೋಗಿ ಅದೇ ಹೆಸರಿನ ಬರಿದಾದ ಸಂಗ್ರಹ ಬಂದಿರಬಹುದು.

ಆದುದರಿಂದಲೇ ಮೇಲಿನ ನಿದರ್ಶನದಲ್ಲಿ ಭಂಡಾರಕ್ಕೆ 'ಉಳಿಸಿಕೊ' ಎಂಬ ಅಳಿಸುವ ನೀತಿಯನ್ನು ವಿಧಿಸಿದೆ. ಟೆಂಪ್ಲೇಟಿನಿಂದ ಹುಟ್ಟಿದ ಸಮುಚ್ಚಯವನ್ನೆಲ್ಲ ಅಳಿಸಿದರೂ ಆ ಸಂಗ್ರಹ ಉಳಿಯುತ್ತದೆ. ಆದರೆ ಕ್ಲೌಡ್‌ಫಾರ್ಮೇಶನ್‌ನಲ್ಲಿ ಅಳಿಸುವ ನೀತಿ ಒಂದು, ತಿದ್ದುಪಡಿಯ ವೇಳೆ ಬದಲಿ ಬಂದಾಗ ಹಳೆಯದರ ಗತಿಯೇನೆಂದು ಹೇಳುವ ನೀತಿ ಇನ್ನೊಂದು. ಮೊದಲನೆಯದನ್ನು ಬರೆದು ಎರಡನೆಯದನ್ನು ಬಿಟ್ಟರೆ ರಕ್ಷಣೆ ಅಪೂರ್ಣ. ತಿದ್ದಿದ ಬರಹವನ್ನು ಜಾರಿಗೊಳಿಸುವ ಮೊದಲು ಏನೇನು ಸೇರುತ್ತದೆ, ಏನೇನು ಹೋಗುತ್ತದೆ ಎಂಬ ಪಟ್ಟಿಯನ್ನು ಪಡೆಯುವ ಸೌಲಭ್ಯ ಈ ಎಲ್ಲ ತಂತ್ರಾಂಶಗಳಲ್ಲಿಯೂ ಇದೆ. ಆ ಪಟ್ಟಿಯನ್ನು ಓದದೆ ಒಪ್ಪುವುದು ಕರಡು ತಿದ್ದದೆ ಗ್ರಂಥ ಅಚ್ಚು ಮಾಡಿದಂತೆ. ನಿರ್ಮಾಣ ನಡುವೆ ಮುರಿದುಬಿದ್ದರೆ ಹಿಂದಿನ ಸ್ಥಿತಿಗೆ ಮರಳುವ ಏರ್ಪಾಡೂ ಉಂಟು. ಕ್ಲೌಡ್‌ಫಾರ್ಮೇಶನ್‌ನಲ್ಲಿ ಅದು ಸಹಜ ನಡವಳಿಕೆ, ಹೀಟ್‌ನಲ್ಲಿ ಕೇಳಿ ಪಡೆಯಬೇಕಾದದ್ದು.

ಇನ್ನೊಂದು ತೊಡಕು ಬರಹಕ್ಕೂ ವಾಸ್ತವಕ್ಕೂ ಬಿರುಕು ಬೀಳುವುದು. ಇದಕ್ಕೆ ವಿಚಲನೆ ಎನ್ನೋಣ. ತುರ್ತಿನಲ್ಲಿ ಯಾರೋ ಒಬ್ಬರು ಟೆಂಪ್ಲೇಟನ್ನು ಮುಟ್ಟದೆ ನೇರವಾಗಿ ಯಂತ್ರದಲ್ಲಿಯೇ ಬದಲಾವಣೆ ಮಾಡುತ್ತಾರೆ. ಅಂದಿನಿಂದ ಬರಹ ಒಂದು ಹೇಳುತ್ತದೆ, ಇರುವುದು ಇನ್ನೊಂದು. ದಾನಶಾಸನಗಳನ್ನು ಓದಿದವರಿಗೆ ಈ ಸ್ಥಿತಿ ಪರಿಚಿತ. ಶಾಸನವು ಚತುಸ್ಸೀಮೆಯನ್ನು ಹೇಳಿ, ಆಚಂದ್ರಾರ್ಕವಾಗಿ ಇದು ಹೀಗೆಯೇ ನಡೆಯಲಿ ಎಂದು ವಿಧಿಸುತ್ತದೆ. ಕಾಲಾಂತರದಲ್ಲಿ ಸೀಮೆಯ ಕಲ್ಲು ಸರಿಯುತ್ತದೆ. ಮುಂದೆ ಅಧಿಕಾರಿಯೊಬ್ಬನು ಹಳೆಯ ಶಾಸನವನ್ನು ಓದಿಸಿ ದತ್ತಿಯನ್ನು ಮರಳಿ ಊರ್ಜಿತಗೊಳಿಸುತ್ತಾನೆ. ಕ್ಲೌಡ್‌ಫಾರ್ಮೇಶನ್ ಸೇವೆಗೆ 2018ರಲ್ಲಿ ಸೇರಿದ ವಿಚಲನೆಯ ಶೋಧ ಇಂತಹ ಸರಿದ ಕಲ್ಲುಗಳನ್ನು ತೋರಿಸಿಕೊಡುತ್ತದೆ. ಕುಬರ್ನೆಟೀಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿರೂಪಿತ ಸ್ಥಿತಿಯನ್ನೂ ವಾಸ್ತವವನ್ನೂ ನಿರಂತರವಾಗಿ ಹೋಲಿಸುತ್ತ, ನಿಂತುಹೋದ ಅನ್ವಯದ ಸ್ಥಾನದಲ್ಲಿ ಹೊಸದನ್ನು ತಾನಾಗಿಯೇ ಆರಂಭಿಸುತ್ತದೆ.

9. ಮಿತಿಗಳು

ಈ ಪದ್ಧತಿಯನ್ನು ಅತಿಯಾಗಿ ಹೊಗಳುವುದು ಸರಿಯಲ್ಲ. ಮೊದಲನೆಯದಾಗಿ, ಟೆಂಪ್ಲೇಟು ಯಂತ್ರವ್ಯವಸ್ಥೆಯನ್ನು ಮರಳಿ ಕಟ್ಟಿಕೊಟ್ಟೀತೇ ಹೊರತು ಅದರೊಳಗಿದ್ದ ಪಠ್ಯವನ್ನಲ್ಲ. ಭಂಡಾರದ ಕಪಾಟು ಎಷ್ಟುದ್ದವೆಂದು ಅದು ಬಲ್ಲದು. ಕಪಾಟಿನಲ್ಲಿದ್ದ ಓಲೆಗರಿಯ ಚಿತ್ರಗಳನ್ನು ಅರಿಯದು. ಪಠ್ಯದ ಪ್ರತಿಗಳನ್ನು ಬೇರೆಡೆ ಕಾಯ್ದಿರಿಸುವ ಕರ್ತವ್ಯ ಪ್ರತ್ಯೇಕವಾಗಿಯೇ ಉಳಿಯುತ್ತದೆ.

ಎರಡನೆಯದಾಗಿ, ಒಂದು ಮೇಘಗಣಕಕ್ಕೆ ಬರೆದ ಟೆಂಪ್ಲೇಟು ಇನ್ನೊಂದರಲ್ಲಿ ನಡೆಯದು. ಸಂಪನ್ಮೂಲಗಳ ಬಗೆಗಳು ಅಲ್ಲಲ್ಲಿಯವೇ. ಈ ಕೊರತೆಯನ್ನು ನೀಗಲು ಓಯಾಸಿಸ್ ಎಂಬ ಮಾನಕ ಸಂಸ್ಥೆ 2013ರಲ್ಲಿ 'ಟೋಸ್ಕಾ' ಎಂಬ ಸಾಮಾನ್ಯ ಮಾನಕವನ್ನು ಅಂಗೀಕರಿಸಿತಾದರೂ ದೊಡ್ಡ ಸೇವಾದಾರರು ತಮ್ಮ ತಮ್ಮ ಬರಹಕ್ರಮಗಳನ್ನು ಬಿಟ್ಟುಕೊಡಲಿಲ್ಲ. ಟೆರಾಫಾರ್ಮ್ ಎಲ್ಲ ಕಡೆಯೂ ಒಂದೇ ವಾಕ್ಯರಚನೆಯನ್ನು ಕೊಡುತ್ತದೆ, ಒಂದೇ ಶಬ್ದಕೋಶವನ್ನಲ್ಲ.

ಮೂರನೆಯದಾಗಿ, ಬರಹದ ಒಡೆತನದ ಪ್ರಶ್ನೆ. 2023ರ ಆಗಸ್ಟಿನಲ್ಲಿ ಹ್ಯಾಶಿಕಾರ್ಪ್ ಸಂಸ್ಥೆ ಟೆರಾಫಾರ್ಮ್‌ನ ಮುಕ್ತ ಪರವಾನಗಿಯನ್ನು ಬದಲಿಸಿ ನಿರ್ಬಂಧಗಳನ್ನು ಸೇರಿಸಿತು. ಅದನ್ನು ಒಪ್ಪದವರು ಹಳೆಯ ಆವೃತ್ತಿಯಿಂದ ಕವಲೊಡೆದು 'ಓಪನ್‌ಟೋಫು' ಎಂಬುದನ್ನು ಲಿನಕ್ಸ್ ಪ್ರತಿಷ್ಠಾನದ ಆಶ್ರಯದಲ್ಲಿ ಬೆಳೆಸತೊಡಗಿದರು. 2025ರಲ್ಲಿ ಐಬಿಎಂ ಹ್ಯಾಶಿಕಾರ್ಪನ್ನೂ ಕೊಂಡುಕೊಂಡಿತು. ಓದುವ ಯಂತ್ರದ ಹಕ್ಕು ಯಾರದೋ ಆಗಿರುವಾಗ ಬರಹ ನಮ್ಮದೆನ್ನುವುದು ಅರ್ಧಸತ್ಯವೆಂಬುದನ್ನು ಈ ಪ್ರಸಂಗ ತೋರಿಸಿಕೊಟ್ಟಿದೆ. ಮುಕ್ತ ಪರವಾನಗಿಯಲ್ಲಿದ್ದುದರಿಂದಲೇ ಕವಲೊಡೆಯುವ ಅವಕಾಶವಾದರೂ ಉಳಿಯಿತೆಂಬುದೂ ಅಷ್ಟೇ ಸತ್ಯ.

10. ಕನ್ನಡದ ಪಾಲು

ಈ ಬರಹದಲ್ಲಿ ಕನ್ನಡಕ್ಕೆ ಎಡೆಯಿದೆಯೇ? ಕೀಲಿಪದಗಳು ಇಂಗ್ಲಿಷಿನವೇ, ಅವನ್ನು ಬದಲಿಸುವಂತಿಲ್ಲ. ಕ್ಲೌಡ್‌ಫಾರ್ಮೇಶನ್‌ನಲ್ಲಿ ಸಂಪನ್ಮೂಲಗಳಿಗೆ ನಾವಿಡುವ ಹೆಸರುಗಳೂ ರೋಮನ್ ಅಕ್ಷರ ಮತ್ತು ಅಂಕೆಗಳಲ್ಲಿಯೇ ಇರತಕ್ಕದ್ದು. ಟೆರಾಫಾರ್ಮ್‌ನ ವ್ಯಾಕರಣ ಮಾತ್ರ ಹೆಸರುಗಳಲ್ಲಿ ಯೂನಿಕೋಡ್ ಅಕ್ಷರಗಳನ್ನು ಒಪ್ಪುತ್ತದೆ. ಆದರೆ ಯಾಮಲ್ ಬರಹಕ್ರಮದಲ್ಲಿ ಟಿಪ್ಪಣಿಗಳಿಗೆ ಅಡ್ಡಿಯಿಲ್ಲ. ಯಾಮಲ್ ಕಡತದಲ್ಲಿ ಯಂತ್ರ ಬ್ರಾಕೆಟ್ಟುಗಳನ್ನೂ ತೆರವುಗಳನ್ನೂ ಓದುವಾಗ, ಅದೇ ಸಾಲಿನ ಪಕ್ಕದ ಟಿಪ್ಪಣಿಯನ್ನು ಮನುಷ್ಯ ಓದುತ್ತಾನೆ.

ನಮ್ಮ ಪರಂಪರೆಯಲ್ಲಿ ಸೂತ್ರದ ಜೊತೆಗೆ ವೃತ್ತಿಯಿರುವುದು ವಾಡಿಕೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಕಂದಪದ್ಯಗಳಲ್ಲಿ ಸೂತ್ರಗಳನ್ನು ರಚಿಸಿ ತಾನೇ ವೃತ್ತಿಯನ್ನೂ ಬರೆದನು. ಭಟ್ಟಾಕಳಂಕನು 1604ರಲ್ಲಿ ತನ್ನ 592 ಸಂಸ್ಕೃತ ಸೂತ್ರಗಳಿಗೆ ವೃತ್ತಿಯನ್ನಲ್ಲದೆ ವ್ಯಾಖ್ಯಾನವನ್ನೂ ಜೋಡಿಸಿದನು. ಸೂತ್ರ ಏನನ್ನು ಹೇಳುತ್ತದೆಂಬುದು ಸೂತ್ರದಲ್ಲಿಯೇ ಇದೆ. ಏಕೆ ಹಾಗೆ ಹೇಳಿತೆಂಬುದು ವೃತ್ತಿಯಲ್ಲಿದೆ. ಭಂಡಾರಕ್ಕೆ 500 ಗಿಗಾಬೈಟ್ ಎಂದು ಟೆಂಪ್ಲೇಟು ಹೇಳೀತು. ಅಷ್ಟೇ ಏಕೆ, ಯಾವ ಸಂಗ್ರಹದ ಎಷ್ಟು ಓಲೆಗರಿಗಳ ಚಿತ್ರಗಳಿಗಾಗಿ, ಯಾವುದನ್ನು ಎಂದಿಗೂ ಅಳಿಸಕೂಡದು ಎಂಬುದನ್ನು ಹೇಳಬಲ್ಲವರು ಹಸ್ತಪ್ರತಿಯನ್ನು ಬಲ್ಲವರೇ. ಆ ವೃತ್ತಿಯನ್ನು ಕನ್ನಡದಲ್ಲಿ ಬರೆಯುವ ಹೊಣೆಯನ್ನು ಕನ್ನಡ ವಿಭಾಗ ಹೊರಬೇಕು, ಹೊರಬಲ್ಲದು.

11. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಸ್ಥಿತಿನಿರೂಪಕ ಟೆಂಪ್ಲೇಟು ಆದೇಶಗಳ ಸರಣಿಯಲ್ಲ, ಇರಬೇಕಾದ ಸ್ಥಿತಿಯ ವರ್ಣನೆ. ಅದರ ಭಾಗಗಳ ಸಂಬಂಧ ಸ್ಥಾನದಿಂದಲ್ಲ, ಉಲ್ಲೇಖದಿಂದ ನಿರ್ಣಯವಾಗುತ್ತದೆ. ಆಕಾಂಕ್ಷೆ ಮತ್ತು ಯೋಗ್ಯತೆಗಳ ಪರಿಭಾಷೆಯಿಂದ ಅದನ್ನು ವಿವರಿಸಲು ಸಾಧ್ಯ. ಯೂನಿಕೋಡ್ ಪಠ್ಯದಲ್ಲಿಯೂ ಇದೇ ತತ್ತ್ವ ಕೆಲಸ ಮಾಡುತ್ತಿದ್ದು, ಕನ್ನಡದ ಬರಹ ಯಂತ್ರದಿಂದ ಯಂತ್ರಕ್ಕೆ ದಾಟಿ ಉಳಿಯಲು ಅದೇ ಕಾರಣವಾಗಿದೆ.

ಇಂದು ವಿಭಾಗಗಳ ಪಠ್ಯಸಂಗ್ರಹಗಳು, ನಿಘಂಟುಗಳು, ಶಾಸನಸೂಚಿಗಳು ಜಾಲತಾಣಗಳಾಗುತ್ತಿವೆ. ಅವುಗಳ ಯಂತ್ರವ್ಯವಸ್ಥೆಯ ತಿಳಿವಳಿಕೆ ಒಬ್ಬ ತಂತ್ರಜ್ಞನ ನೆನಪಿನಲ್ಲಿ ಮಾತ್ರ ಇದ್ದರೆ, ಆತ ಬೇರೆ ಊರಿಗೆ ಹೋದ ದಿನ, ಯೋಜನೆಯ ಅನುದಾನ ಮುಗಿದ ದಿನ, ಆ ತಾಣವೂ ಮುಚ್ಚಬಹುದು. ಹಾಗಾಗದಿರಬೇಕಾದರೆ ಯೋಜನೆಯ ಒಪ್ಪಂದದಲ್ಲಿಯೇ ಮೂರು ಸಂಗತಿಗಳನ್ನು ಕೇಳಿ ಪಡೆಯಬೇಕು: ವ್ಯವಸ್ಥೆಯನ್ನು ಪೂರ್ಣವಾಗಿ ನಿರೂಪಿಸುವ ಟೆಂಪ್ಲೇಟು, ಅದಕ್ಕೆ ಕನ್ನಡದಲ್ಲಿ ಬರೆದ ವೃತ್ತಿ, ಮತ್ತು ಪಠ್ಯದ ಪ್ರತ್ಯೇಕ ಪ್ರತಿ. ಈ ಮೂರನ್ನೂ ವಿಭಾಗದ ಗ್ರಂಥಾಲಯ ಹಸ್ತಪ್ರತಿಗಳಷ್ಟೇ ಜೋಪಾನದಿಂದ ಇರಿಸಿಕೊಳ್ಳಬೇಕು. ಲಿಪಿಕಾರರು ಪ್ರತಿಮಾಡಿ ಉಳಿಸಿಕೊಟ್ಟ ಗ್ರಂಥಗಳನ್ನು ಓದಿ ಬೆಳೆದ ನಾವು, ಮುಂದಿನವರು ಪ್ರತಿಮಾಡಿಕೊಳ್ಳಲು ಬರುವಂತೆ ನಮ್ಮ ಕಾಲದ ಗ್ರಂಥಗಳನ್ನು ಇರಿಸಿಹೋಗುವುದು ಕರ್ತವ್ಯವಾಗಿದೆ.